ಫರಸಿಯ ಮೇಲೊಂದು ಹನಿ ನಿಂಬೆಹುಳಿ

ಶಹಾಬಾದ್ ಫರಸಿ ಹಾಸಿದ ಮನೆಯಲ್ಲಿ ನಿಂಬೆರಸ ನೆಲಕ್ಕೆ ಬಿದ್ದರೆ ಬೈಗುಳ ಖಚಿತ. ಎಷ್ಟು ಒರೆಸಿದರೂ ಅಲ್ಲೊಂದು ಬೆಳ್ಳನೆಯ ಮಚ್ಚೆ ಉಳಿದುಬಿಡುತ್ತದೆ. ಅದನ್ನು ಕಲೆ ಅನ್ನುವುದು ರೂಢಿ. ಆದರೆ ಅಲ್ಲಿ ಆಗಿರುವುದು ಬೇರೆ: ಒಂದಿಷ್ಟು ಕಲ್ಲೇ ಕರಗಿಹೋಗಿರುತ್ತದೆ.

ಇದೇ ಅಪರಾಧವನ್ನು ತರಗತಿಯಲ್ಲಿ ಬೇಕೆಂದೇ ಮಾಡಬಹುದು. ಶಾಲೆಯ ಅಂಗಳದಲ್ಲಿ ಬಿದ್ದಿರುವ ಫರಸಿ ಚೂರನ್ನು ಮೊಳೆಯಿಂದ ಕೆರೆದು, ಉದುರಿದ ಪುಡಿಯ ಮೇಲೆ ನಾಲ್ಕು ಹನಿ ನಿಂಬೆಹುಳಿ ಬಿಟ್ಟರೆ ಸಣ್ಣಗೆ ನೊರೆ ಏಳುತ್ತದೆ. ಕಿವಿ ಹತ್ತಿರ ಹಿಡಿದರೆ ಚುರುಚುರು ಸದ್ದೂ ಕೇಳೀತು. ‘ಕಲ್ಲಿನಾಗ ಸೋಡಾ ಅದ ಏನ್ರಿ ಟೀಚರ್?’ ಎಂದು ಯಾವುದೋ ಮೂಲೆಯಿಂದ ಪ್ರಶ್ನೆ ಬಂದರೆ ಪಾಠ ಅರ್ಧ ಮುಗಿದಂತೆ. ಯಾಕೆಂದರೆ ಆ ಮಗು ಹೇಳಿದ್ದು ಹೆಚ್ಚುಕಡಿಮೆ ಸರಿ. ಫರಸಿ ಅಂದರೆ ಸುಣ್ಣದ ಕಲ್ಲು, ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಕಿದಾಗ ಅದರಿಂದ ಹೊರಬೀಳುವುದು ಸೋಡಾ ಬಾಟಲಿಯೊಳಗಿನ ಅದೇ ಇಂಗಾಲದ ಡೈಆಕ್ಸೈಡ್.

ಪಾಠವನ್ನು ಇನ್ನೊಂದು ಹೆಜ್ಜೆ ಬೆಳೆಸಲು ಎಲೆಅಡಿಕೆ ಅಂಗಡಿಯ ಒಂದು ಚಿಟಿಕೆ ಸುಣ್ಣ ಸಾಕು. ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಸಿದುಕೊಂಡು, ಎಳನೀರಿನ ಸ್ಟ್ರಾದಲ್ಲಿ ಮೆಲ್ಲಗೆ ಊದಬೇಕು. ಊದಬೇಕೇ ಹೊರತು ಹೀರಕೂಡದು; ಇದನ್ನು ಮೂರು ಸಲ ಹೇಳಿದರೂ ಒಬ್ಬ ಹೀರಲು ಹೊರಟೇ ಇರುತ್ತಾನೆ. ತಿಳಿನೀರು ನೋಡನೋಡುತ್ತ ಹಾಲಿನಂತಾಗುತ್ತದೆ. ಆ ಬಿಳುಪು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಫರಸಿಯದೇ ದ್ರವ್ಯ. ಮಗುವಿನ ಉಸಿರು ಲೋಟದೊಳಗೆ ಕಲ್ಲಾಗಿ ಕುಳಿತಿರುತ್ತದೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಈ ಪಾಠಕ್ಕೆ ಪುಸ್ತಕದ ಚಿತ್ರ ಬೇಕಿಲ್ಲ. ವಾಡಿಯಲ್ಲಿ 1968ರಿಂದ ಎಸಿಸಿ ಸಿಮೆಂಟ್ ಕಾರ್ಖಾನೆ ಇದೆ. ಶಹಾಬಾದಿನ ಸಿಮೆಂಟ್ ಇತಿಹಾಸ ಅದಕ್ಕೂ ಹಿಂದಿನದು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದಿನದೂ ಅವುಗಳಲ್ಲೊಂದು. ಈಗ ಸೇಡಂ, ಮಳಖೇಡ, ಚಿತ್ತಾಪುರ, ಚಿಂಚೋಳಿ ಕಡೆಗೂ ಚಿಮಣಿಗಳು ಎದ್ದಿವೆ. ಆ ಕಾರ್ಖಾನೆಗಳ ಗೂಡುಗಳಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ನಡೆಯುವುದರ ಮೊದಲ ಮೆಟ್ಟಿಲು ಲೋಟದೊಳಗೆ ಕಂಡದ್ದರ ತಿರುವುಮುರುವು. ಶುದ್ಧ ಸುಣ್ಣದ ಕಲ್ಲು 100 ಕಿಲೊ ಸುಟ್ಟರೆ 56 ಕಿಲೊ ಸುಟ್ಟ ಸುಣ್ಣ ಉಳಿದು, 44 ಕಿಲೊ ಅನಿಲವಾಗಿ ಆಕಾಶ ಸೇರುತ್ತದೆ. ಅಪ್ಪ ಕಾರ್ಖಾನೆಯಲ್ಲೋ ಗಣಿಯಲ್ಲೋ ದುಡಿಯುವ ಮಕ್ಕಳು ಈ ಶಾಲೆಗಳಲ್ಲಿ ಬೇಕಾದಷ್ಟಿದ್ದಾರೆ.

ಇಷ್ಟಿದ್ದೂ ಅಂಕಪಟ್ಟಿ ಬೇರೆಯೇ ಕತೆ ಹೇಳುತ್ತದೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯದ ಕೊನೆಯ ಸ್ಥಾನಕ್ಕಿಳಿಯಿತು. ಇಂಥ ಸುದ್ದಿ ಬಂದಾಗಲೆಲ್ಲ ಮೇಷ್ಟ್ರುಗಳತ್ತ ಬೆರಳು ತೋರಿಸುವುದು ಸುಲಭ. ಆ ಮೇಷ್ಟ್ರು ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ ಎಂದು ನೋಡುವ ತಾಳ್ಮೆ ಕಡಿಮೆ. ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಆರು, ಏಳು, ಎಂಟು ಮೂರೂ ತರಗತಿಗಳ ಗಣಿತ ಮತ್ತು ವಿಜ್ಞಾನ ಒಬ್ಬರದೇ ಹೆಗಲ ಮೇಲೆ. ನಡುವೆ ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ, ಆನ್‌ಲೈನ್ ದಾಖಲಾತಿ, ಚುನಾವಣೆ ಬಂದರೆ ಆ ಕೆಲಸ. ಚಿಂಚೋಳಿಯ ತಾಂಡಾಗಳ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ, ತೆಲಂಗಾಣದ ಗಡಿಗೆ ಹತ್ತಿದ ಊರುಗಳಲ್ಲಿ ತೆಲುಗು, ಪಟ್ಟಣಗಳಲ್ಲಿ ದಖನಿ ಉರ್ದು. ಅವರೆಲ್ಲರ ಮುಂದೆ ‘ದ್ಯುತಿಸಂಶ್ಲೇಷಣೆ’ ಎಂಬ ಪದವನ್ನು ಬೋರ್ಡಿನ ಮೇಲೆ ಬರೆದು ತಿರುಗಿ ನೋಡಿದಾಗ ಕಾಣುವ ಮುಖಗಳನ್ನು ಶಿಕ್ಷಕರೇ ಬಲ್ಲರು.

ಕೈಯಾರೆ ಮಾಡಿ ಕಲಿಯುವ ವಿಜ್ಞಾನಕ್ಕೆ ಈಗ ‘ಸ್ಟೆಮ್’ ಎಂಬ ಹೊಸ ಹೆಸರು ಬಂದಿದೆ. ಹೆಸರಿನ ಜೊತೆ ಪೆಟ್ಟಿಗೆಗಳೂ ಬಂದಿವೆ. ನೀತಿ ಆಯೋಗ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಉಂಟು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ವ್ಯಯಿಸಬೇಕೆಂದು ವಿಧಿಸಿದ ಮೇಲೆ, ಗಣಿ-ಸಿಮೆಂಟಿನ ಊರುಗಳ ಶಾಲೆಗಳಿಗೂ ಆ ಬಾಬಿನಲ್ಲಿ ನೆರವು ಕೇಳುವ ದಾರಿ ತೆರೆಯಿತು.

ಪೆಟ್ಟಿಗೆ ಬರುವುದು ಸಂತೋಷವೇ. ಆದರೆ ಅದು ಶಾಲೆಗೆ ಬಂದ ದಿನ ಮೊದಲು ನಡೆಯುವ ಕೆಲಸ ದಾಸ್ತಾನು ವಹಿಯಲ್ಲಿ ನಮೂದು. ವಹಿಯಲ್ಲಿ ಏರಿದ ಗಾಜಿನ ಬೀಕರು ಒಡೆದರೆ ಉತ್ತರ ಕೊಡಬೇಕಾದವರು ಯಾರು ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಬೀರುವಿಗೆ ಬೀಗ, ಬೀಗದ ಕೈ ಹೆಡ್ ಮಾಸ್ತರರ ಹತ್ತಿರ, ಹೆಡ್ ಮಾಸ್ತರರು ತಾಲ್ಲೂಕು ಕಚೇರಿಯ ಮೀಟಿಂಗಿನಲ್ಲಿ. ಇದನ್ನು ಸೋಮಾರಿತನ ಎನ್ನಲಾಗದು. ಒಡೆದದ್ದಕ್ಕೆ ದಂಡ, ಬಳಸಿದ್ದಕ್ಕೆ ಬಹುಮಾನವಿಲ್ಲ ಎಂಬ ವ್ಯವಸ್ಥೆಯಲ್ಲಿ ಯಾರೇ ಇದ್ದರೂ ಹೀಗೇ ಮಾಡುತ್ತಾರೆ.

ಈ ಗಂಟನ್ನು ಬಿಡಿಸಲು ಹೊರಟವರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನವರ ಕತೆ ಹೇಳಲೇಬೇಕು. 1972ರಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅಲ್ಲಿನ 16 ಹಳ್ಳಿ ಶಾಲೆಗಳಲ್ಲಿ ಮಾಧ್ಯಮಿಕ ತರಗತಿಗಳಿಗೆ ಪ್ರಯೋಗದ ಮೂಲಕ ವಿಜ್ಞಾನ ಕಲಿಸುವ ಕೆಲಸಕ್ಕೆ ಕೈಹಾಕಿದವು. ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ಹಳ್ಳಿ ಮೇಷ್ಟ್ರುಗಳ ಜೊತೆ ನೆಲದ ಮೇಲೆ ಕುಳಿತರು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ನೂರಾರು ಶಾಲೆಗಳಿಗೆ ಬೆಳೆಸಿತು. ಎಪ್ಪತ್ತರ ದಶಕದಲ್ಲಿ ಅಲ್ಲಿಗೆ ಬಂದ ಯುವ ಎಂಜಿನಿಯರ್ ಅರವಿಂದ ಗುಪ್ತಾ ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಕೋನ, ಚೌಕ, ಘನಾಕೃತಿ ಕಟ್ಟುವುದನ್ನು ತೋರಿಸಿದರು. ಕಸದಿಂದ ಆಟಿಕೆ ಮಾಡುವ ಅವರ ವಿದ್ಯೆ ಇಂದು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಿಗುತ್ತದೆ.

ಹೋಶಂಗಾಬಾದಿನ ಗುಟ್ಟು ಆಟಿಕೆಯಲ್ಲಷ್ಟೇ ಇರಲಿಲ್ಲ. ಅಲ್ಲಿ ಶಿಕ್ಷಕರು ತಿಂಗಳಿಗೊಮ್ಮೆ ಸೇರುತ್ತಿದ್ದರು. ಯಾವ ಪ್ರಯೋಗ ಕೈಕೊಟ್ಟಿತು, ಯಾವ ಪ್ರಶ್ನೆಗೆ ಉತ್ತರ ತೋಚಲಿಲ್ಲ ಎಂಬುದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದುಕೊಂಡು ಬರೆಯಬಹುದಿತ್ತು, ಪ್ರಯೋಗಕ್ಕೂ ಅಂಕವಿತ್ತು. ಹೇಗೆ ಕಲಿಸಬೇಕೋ ಹಾಗೇ ಪರೀಕ್ಷೆ. ಮೂವತ್ತು ವರ್ಷ ನಡೆದ ಆ ಕೆಲಸವನ್ನು 2002ರಲ್ಲಿ ಸರ್ಕಾರವೇ ನಿಲ್ಲಿಸಿತು. ಈ ಸೀಮೆಗೆ ಬರುವ ಯಾವುದೇ ಹೊಸ ಯೋಜನೆಯನ್ನು ಅಳೆಯಲು ಒಂದು ಪ್ರಶ್ನೆ ಅಲ್ಲಿಂದಲೇ ಸಿಗುತ್ತದೆ: ಪೆಟ್ಟಿಗೆ ಕೊಟ್ಟವರು ಮುಂದಿನ ತಿಂಗಳು ಮತ್ತೆ ಬರುತ್ತಾರೆಯೇ?

ಬರುವವರು ಇಲ್ಲದಿಲ್ಲ. ಕಲಬುರಗಿಯಲ್ಲಿ 1984ರಲ್ಲಿ ತೆರೆದ ಜಿಲ್ಲಾ ವಿಜ್ಞಾನ ಕೇಂದ್ರ ದೇಶದ ಮೊದಲ ಕೆಲವು ಜಿಲ್ಲಾ ಕೇಂದ್ರಗಳಲ್ಲೊಂದು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಂತೆ ಇದೂ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತಿಗೆ ಸೇರಿದ್ದು. ಮಕ್ಕಳು ಹ್ಯಾಂಡಲ್ ತಿರುಗಿಸಿ, ಗುಂಡಿ ಒತ್ತಿ, ಕನ್ನಡಿಯಲ್ಲಿ ಉದ್ದಗಿಡ್ಡವಾಗಿ ನಗುವ ಜಾಗ. ಬಸ್ಸಿನೊಳಗೆ ಪ್ರದರ್ಶನ ತುಂಬಿಕೊಂಡು ಹಳ್ಳಿಗೆ ಹೋಗುವ ಪದ್ಧತಿ ನಮ್ಮಲ್ಲಿ 1965ರಲ್ಲಿ ಕೋಲ್ಕತ್ತದ ಬಿರ್ಲಾ ಸಂಗ್ರಹಾಲಯದಿಂದ ಶುರುವಾಯಿತು. ಈ ಪರಂಪರೆಯ ಕೇಂದ್ರಗಳು ಅದನ್ನು ಇಂದಿಗೂ ಬಿಟ್ಟಿಲ್ಲ. ಬಸ್ಸು ಬಂದ ದಿನ ಶಾಲೆಯಲ್ಲಿ ಜಾತ್ರೆ. ಬಸ್ಸು ಹೋದ ಮರುದಿನ ಅದನ್ನು ಪಾಠವಾಗಿ ಬೆಳೆಸಬೇಕಾದವರು ಮತ್ತದೇ ಮೇಷ್ಟ್ರು.

ಗಣಿತಕ್ಕೆ ಬಂದ ನೆರವು ಇನ್ನೂ ಗಟ್ಟಿಯಾಗಿ ಬೇರೂರಿದೆ. ಬೆಂಗಳೂರಿನ ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ಸೇರಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ಆಗ ಹೈದರಾಬಾದ್ ಕರ್ನಾಟಕ ಎನಿಸಿಕೊಂಡಿದ್ದ ಜಿಲ್ಲೆಗಳಲ್ಲಿ ಹರಡಿ, ಮುಂದೆ ರಾಜ್ಯವನ್ನೆಲ್ಲ ತಲುಪಿತು. ನಾಲ್ಕು-ಐದನೇ ತರಗತಿಗೆಂದು ರೂಪಿಸಿದ ಅದರ ಕಿಟ್ಟಿನಲ್ಲಿ ಮಣಿಚೌಕಟ್ಟು, ಬಿಡಿ-ಹತ್ತು-ನೂರರ ಬ್ಲಾಕುಗಳು, ಭಿನ್ನರಾಶಿಯ ಪಟ್ಟಿಗಳು, ಆಟದ ನೋಟು-ನಾಣ್ಯ, ಗಡಿಯಾರ. ಒಡೆಯುವಂಥದ್ದು ಅದರಲ್ಲಿ ಬಹಳ ಕಡಿಮೆ, ಹಾಗಾಗಿ ಬೀಗದ ಭಯವೂ ಕಡಿಮೆ. ಮೊದಲು ಕೈಯಲ್ಲಿ ಹಿಡಿ, ಆಮೇಲೆ ಚಿತ್ರ ಬರೆ, ಕೊನೆಗೆ ಅಂಕಿ ಬರೆ ಎಂಬುದು ಅದರ ಕ್ರಮ. ಅರ್ಧಕ್ಕೂ ಕಾಲಿಗೂ ವ್ಯತ್ಯಾಸವನ್ನು ರೊಟ್ಟಿಯಲ್ಲಿ ಬಲ್ಲ ಮಗು ಪಾಟಿಯಲ್ಲಿ ಎಡವುವುದೇಕೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆ ಇಟ್ಟು, ಊರವರ ಕಣ್ಣೆದುರೇ ಮಕ್ಕಳ ಲೆಕ್ಕ ಹೇಗಿದೆ ಎಂದು ತೋರಿಸಿದ್ದು ಅವರ ಇನ್ನೊಂದು ಉಪಾಯ.

ಲೆಕ್ಕಕ್ಕೂ ಈ ನೆಲಕ್ಕೂ ಹಳೆಯ ನಂಟು. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲಕ್ಕೆ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಗುಣಿಸಿದರೆ ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಸಂಖ್ಯೆಗಳನ್ನು ಅವನು ಕಟ್ಟಿಕೊಟ್ಟಿದ್ದಾನೆ: 142857143ನ್ನು 7ರಿಂದ ಗುಣಿಸಿದರೆ 1000000001. ಏಳನೆಯ ಮಗ್ಗಿ ಬಂದರೆ ಸಾಕು, ಮಕ್ಕಳೇ ಬೋರ್ಡಿನ ಮೇಲೆ ಮಾಡಿ ನೋಡಬಹುದು. ಅದೇ ಮಹಾವೀರಾಚಾರ್ಯ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದು ಬರೆದು ಎಡವಿದ್ದಾನೆ. ಅಷ್ಟು ದೊಡ್ಡ ಗಣಿತಜ್ಞನ ತಪ್ಪನ್ನು ಹಿಡಿಯುವ ಸಂತೋಷ ಎಂಟನೇ ತರಗತಿಯ ಹುಡುಗಿಗೂ ಇರಲಿ.

ಹೋಶಂಗಾಬಾದಿನ ಮಾಸಿಕ ಕೂಟಕ್ಕೆ ನಮ್ಮಲ್ಲಿ ಹತ್ತಿರವಾದದ್ದು ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಕರೆಯುತ್ತಾರೆ, ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುತ್ತಾರೆ. ಸುತ್ತೋಲೆ ಓದುವುದರಲ್ಲೇ ಹೊತ್ತು ಮುಗಿಯುವ ಸಭೆಗಳಿವೆ. ಒಬ್ಬರು ಮಾಡಿದ ಪ್ರಯೋಗವನ್ನು ಇನ್ನೊಬ್ಬರು ನೋಡಿ ಕಲಿಯುವ ಸಭೆಗಳೂ ಇವೆ. ಎರಡಕ್ಕೂ ಖರ್ಚು ಒಂದೇ. ಹಿಂದೆ ಗುಲಬರ್ಗಾ ಜಿಲ್ಲೆಯಲ್ಲಿದ್ದ ಸುರಪುರದಲ್ಲಿ ಮಗುಸ್ನೇಹಿ ಶಾಲೆಗಳ ಕೆಲಸ ಶುರುಮಾಡಿದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಶಿಕ್ಷಕರ ಜೊತೆ ದೀರ್ಘಕಾಲ ಕೂತು ಮಾಡುವ ಕೆಲಸವನ್ನು ಮುಂದುವರಿಸಿದೆ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ತಯಾರಾಗುವ ಶಿಕ್ಷಕರಿಗೆ ಪರಿಚಿತ ಬಾಗಿಲು. ಅಲ್ಲಿ ಮಗು ತನ್ನ ಊರಿನ ಸಮಸ್ಯೆಯನ್ನೇ ಅಧ್ಯಯನ ಮಾಡಬೇಕು. 2022–23ರಲ್ಲಿ ಕ್ಲಸ್ಟರುಗಳಲ್ಲಿ ನಡೆದ ಕಲಿಕಾ ಹಬ್ಬದ ಮೂಲೆಗಳ ಹೆಸರೇ ಚಂದ: ಆಡು ಹಾಡು, ಕಾಗದ ಕತ್ತರಿ, ಮಾಡು ಆಡು, ಊರು ತಿಳಿಯೋಣ.

ಊರು ತಿಳಿಯಲು ಇಲ್ಲಿ ಸರಕಿಗೆ ಬರವಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯ ಎಳೆ ಗಿಡವನ್ನು ಮಳೆಗಾಲದಲ್ಲಿ ಮಣ್ಣು ಸಮೇತ ಎಬ್ಬಿಸಿ, ಬೇರನ್ನು ನೀರಿನಲ್ಲಿ ಮೆಲ್ಲಗೆ ತೊಳೆದರೆ ಸಾಸಿವೆ ಗಾತ್ರದ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ಕೆಲಸದಲ್ಲಿದೆ ಎಂದರ್ಥ. ಬೋರಿನ ನೀರಿಗೂ ಮಳೆನೀರಿಗೂ ಅಷ್ಟಷ್ಟೇ ಸಾಬೂನು ಹಾಕಿ ಬಾಟಲಿ ಅಲುಗಿಸಿದರೆ ಯಾವುದು ಗಡಸು ಎಂದು ನೊರೆಯೇ ಹೇಳುತ್ತದೆ. ಕಾರಣ ಮತ್ತದೇ ಸುಣ್ಣದ ಕಲ್ಲು.

ನೆರಳಿನ ಪ್ರಯೋಗವೊಂದನ್ನು ಎರಡು ಊರಿನ ಶಿಕ್ಷಕರು ಫೋನಿನಲ್ಲಿ ಮಾತಾಡಿಕೊಂಡು ಮಾಡಬೇಕು. ವಾಡಿ ಸುಮಾರು 17.05 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಚಿಂಚೋಳಿ 17.46ರಲ್ಲಿ. ವರ್ಷದಲ್ಲಿ ಎರಡು ಸಲ, ಮೇ ಎರಡನೇ ವಾರದ ಆಸುಪಾಸಿನಲ್ಲಿ ಮತ್ತು ಆಗಸ್ಟ್ ಮೊದಲ ವಾರದಲ್ಲಿ, ಸೂರ್ಯ ಈ ಊರುಗಳ ನೆತ್ತಿಗೇ ಬಂದು ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಮೇನಲ್ಲಿ ರಜೆ, ಆದ್ದರಿಂದ ಆಗಸ್ಟೇ ಗತಿ. ಆಗ ಸೂರ್ಯ ದಕ್ಷಿಣಕ್ಕೆ ಇಳಿಯುತ್ತಿರುವುದರಿಂದ ನೆರಳು ಮೊದಲು ಚಿಂಚೋಳಿಯಲ್ಲಿ ಮಾಯವಾಗಿ, ಒಂದೆರಡು ದಿನ ಬಿಟ್ಟು ವಾಡಿಯಲ್ಲಿ ಮಾಯವಾಗುತ್ತದೆ. ವಾಡಿಯ ಕೋಲಿಗೆ ನೆರಳಿಲ್ಲದ ದಿನ ಚಿಂಚೋಳಿಯ ಒಂದು ಮೀಟರ್ ಕೋಲಿಗೆ ಉತ್ತರದ ಕಡೆ 7 ಮಿಲಿಮೀಟರಿನಷ್ಟು ನೆರಳು. ಆ ಏಳು ಮಿಲಿಮೀಟರಿನಲ್ಲಿ ಭೂಮಿ ಗುಂಡಗಿದೆ ಎಂಬ ಸುದ್ದಿ ಇದೆ. ಅಳೆಯುವುದು ಮಾತ್ರ ಸುಲಭವಲ್ಲ, ನೆರಳಿನ ಅಂಚೇ ಮಸುಕು. ಯಾಕೆ ಮಸುಕು ಎಂದು ಕೇಳಿದರೆ ಇನ್ನೊಂದು ಪಾಠ: ಸೂರ್ಯ ನಮಗೆ ಚುಕ್ಕಿಯಾಗಿ ಕಾಣದೆ ಅರ್ಧ ಡಿಗ್ರಿ ಅಗಲದ ತಟ್ಟೆಯಾಗಿ ಕಾಣುತ್ತಾನೆ.

ಇಲ್ಲಿ ಸೂರ್ಯ ಆಗಸ್ಟಿನ ಆ ದಿನಗಳಲ್ಲಿ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 28 ನಿಮಿಷಕ್ಕೆ. ಬಿಸಿಯೂಟದ ಗಂಟೆ ಹತ್ತಿರವಾಗಿ, ಅಡುಗೆ ಕೋಣೆಯ ಕಡೆಯಿಂದ ಸಾಂಬಾರಿನ ವಾಸನೆ ಬರುವ ಹೊತ್ತು. ತಟ್ಟೆ ಹಿಡಿದು ಸಾಲಿಗೆ ನಿಂತವರಲ್ಲಿ ನಾಲ್ಕೈದು ಮಂದಿಯನ್ನಾದರೂ ಕೋಲಿನ ಸುತ್ತ ಇನ್ನೈದು ನಿಮಿಷ ಕೂರಿಸಿಕೊಳ್ಳಬೇಕು, ಆಕಾಶದಲ್ಲಿ ಮೋಡ ಸರಿಯುವುದನ್ನು ಕಾಯಬೇಕು, ಅತ್ತ ಚಿಂಚೋಳಿಯ ಮೇಡಂಗೆ ಫೋನ್ ಹಚ್ಚಿ ‘ನಿಮ್ಮಲ್ಲಿ ಎಷ್ಟು ಬಂತ್ರಿ?’ ಎಂದು ಕೇಳಬೇಕು.