ಮುಳುಗಡೆಯ ಊರಿನಿಂದ ಮಕ್ಕಳ ಮನಸ್ಸಿಗೆ
ಕಿಶೋರರ ಕಾದಂಬರಿಕಾರ ನಾ. ಡಿ'ಸೋಜ

ಪರೇಲ್: ಗಿರಣಿಯ ಭೋಂಗಾ ಕೇಳಿ ಎದ್ದು, ಪಾಳಿಗೆ ಹೊರಟ ಜನರ ನಡುವೆ ನಮ್ಮ ಅನೇಕ ಕನ್ನಡ ಮನೆತನಗಳು ಬೆಳೆದುವು. 1982ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೂಡಿದ ಮುಷ್ಕರದ ತರುವಾಯ ಆ ಭೋಂಗಾ ಒಂದೊಂದಾಗಿ ನಿಂತಿತು. ಗಿರಣಿಗಳಿದ್ದಲ್ಲಿ ಈಗ ಮುಗಿಲೆತ್ತರದ ಮಹಡಿಗಳಿವೆ. ಊರೊಂದು ಕಣ್ಣೆದುರೇ ಇಲ್ಲವಾಗುವುದೆಂದರೇನು ಎಂಬುದನ್ನು ಪರೇಲಿನವರಿಗೆ ಯಾರೂ ತಿಳಿಸಿಕೊಡಬೇಕಾಗಿಲ್ಲ.

ಆದರೆ ಆ ಗಿರಣಿಗಳನ್ನು ತಿರುಗಿಸಿದ ವಿದ್ಯುತ್ತು ಎಲ್ಲಿಂದ ಬಂತೆಂದು ವಿಚಾರಿಸಿದವರು ವಿರಳ. 1915ರಲ್ಲಿ ಸಹ್ಯಾದ್ರಿಯ ಕೆರೆಗಳ ನೀರು ಖೋಪೋಲಿಯಲ್ಲಿ ಧುಮುಕಿ, ತಂತಿಯ ಮೂಲಕ ಮುಂಬಯಿಗೆ ಶಕ್ತಿಯಾಗಿ ಬಂತು. ಮುಂದೆ ಮುಳಶಿಯ ಅಣೆಕಟ್ಟಿಗಾಗಿ ಹೊಲಮನೆ ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಸೇನಾಪತಿ ಬಾಪಟರು ಅವರ ಮುಂದಾಳಾದರು. ನಗರದ ಬೆಳಕಿಗೆ ಹಳ್ಳಿಯೊಂದು ನೀರಿನಡಿ ಸೇರಬೇಕಾಯಿತು. ಕನ್ನಡನಾಡಿನಲ್ಲಿ ಇದೇ ಸಂಗತಿಯನ್ನು ಬಾಳುದ್ದಕ್ಕೂ ಬರೆದವರು ಸಾಗರದ ನಾ. ಡಿ'ಸೋಜ. ದೊಡ್ಡವರಿಗಾಗಿ ಮಾತ್ರವಲ್ಲ, ಮಕ್ಕಳಿಗಾಗಿಯೂ ಬರೆದರೆಂಬುದೇ ಈ ಲೇಖನಕ್ಕೆ ಕಾರಣ.

ನಾರ್ಬರ್ಟ್ ಡಿ'ಸೋಜ ಅವರು ಹುಟ್ಟಿದ್ದು 1937ರ ಜೂನ್ 6ರಂದು, ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ. ಮನೆಮಾತು ಕೊಂಕಣಿ, ತಂದೆ ಶಾಲಾ ಮಾಸ್ತರರು. ಲೋಕೋಪಯೋಗಿ ಇಲಾಖೆಯಲ್ಲಿ ಅವರದು ಗುಮಾಸ್ತೆಯ ನೌಕರಿ. ಬೆರಳಚ್ಚು ಯಂತ್ರ, ಕಡತ, ರುಜು, ಮೊಹರು: ಸಾಹಿತ್ಯಕ್ಕೆ ಇದಕ್ಕಿಂತ ಒಣನೆಲ ಬೇರೆ ಉಂಟೆ ಎಂದು ನಮ್ಮಲ್ಲಿ ಕಛೇರಿಗೆ ಹೋಗುವವರು ಕೇಳಿಯಾರು. ಆದರೆ ಅವರಿಗೆ ದೊರೆತದ್ದು ಶರಾವತಿ ಯೋಜನೆಯ ಕೆಲಸ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಾಡಿಗೆ ದೀಪ ಬಂತು; ಮಲೆನಾಡಿನ ತೋಟ, ಗದ್ದೆ, ದೇವಸ್ಥಾನ, ಶಾಲೆಗಳ ಮೇಲೆ ನೀರು ಬಂತು. ಮೂಟೆ ಕಟ್ಟಿಕೊಂಡು ಹೊರಟವರ ಬವಣೆಯನ್ನು ಈ ತರುಣ ಗುಮಾಸ್ತರು ಹತ್ತಿರದಿಂದಲೇ ಕಂಡರು. ಕಡತದಲ್ಲಿ ಎಕರೆ ಗುಂಟೆಗಳ ಲೆಕ್ಕವಿತ್ತು. ಲೆಕ್ಕಕ್ಕೆ ಸಿಕ್ಕದಿದ್ದುದೆಲ್ಲ ಅವರ ಕಾದಂಬರಿಗಳಿಗೆ ಬಂತು.

'ಮುಳುಗಡೆ', 'ದ್ವೀಪ' ಕಾದಂಬರಿಗಳ ಹೆಸರು ವಾಚಕರಿಗೆ ಹೊಸದಲ್ಲ. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಸಿದರು; ನಟಿ ಸೌಂದರ್ಯ ಅದನ್ನು ನಿರ್ಮಿಸಿ, ಅಭಿನಯಿಸಿದರು; ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಸಂದಿತು. 'ಕಾಡಿನ ಬೆಂಕಿ'ಯನ್ನು ಸುರೇಶ ಹೆಬ್ಳೀಕರರು ತೆರೆಗೆ ತಂದರು. ಇವೆಲ್ಲ ಅವರ ಕೀರ್ತಿಯನ್ನು ಹೆಚ್ಚಿಸಿದುವು.

ಆದರೆ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು ಅವರ ಇನ್ನೊಂದು ಕೃಷಿ. ಹೆಸರು ಗಳಿಸಿದ ಲೇಖಕರು ಮಕ್ಕಳಿಗಾಗಿ ಬರೆಯುವುದನ್ನು ಬಿಡುವಿನ ವೇಳೆಯ ಕೆಲಸವೆಂದೇ ಬಗೆಯುವುದುಂಟು. ರಾಜಕುಮಾರ, ಮಾತಾಡುವ ನರಿ, ಕೊನೆಯಲ್ಲಿ ಒಂದು ನೀತಿ. ಅಲ್ಲಿಗೆ ಮಕ್ಕಳ ಸಾಹಿತ್ಯ ಮುಗಿಯಿತು! ಹನ್ನೆರಡು ದಾಟಿ ಹದಿನಾರರೊಳಗಿನ ಹುಡುಗ ಹುಡುಗಿಯರಿಗೆ ಆ ನರಿಯೂ ಸಾಲದು, ದೊಡ್ಡವರ ಕಾದಂಬರಿಯೂ ನಿಲುಕದು. ಈ ನಡುವಣ ಓದುಗರನ್ನು ಡಿ'ಸೋಜರು ಮರೆಯಲಿಲ್ಲ. ತಾವು ದೊಡ್ಡವರಿಗೆ ಹೇಳಿದ ಮುಳುಗಡೆಯ ವಿಷಯವನ್ನೇ ಅವರ ಮುಂದೆಯೂ ಇಟ್ಟರು. 'ಮುಳುಗಡೆಯ ಊರಿಗೆ ಬಂದವರು' ಎಂಬ ಆ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಪುರಸ್ಕಾರವು ಆರಂಭವಾದ ಮರುವರ್ಷವೇ ಇದು; ಮೊದಲ ವರ್ಷ ಕನ್ನಡದಲ್ಲಿ ಅದು ಬೊಳುವಾರು ಮಹಮದ್ ಕುಂಞಿಯವರ ಪಾಲಾಗಿತ್ತು. ಮಕ್ಕಳಿಗೆ ಕಷ್ಟದ ಮಾತು ಬೇಡ ಎನ್ನುವವರಿದ್ದಾರೆ. ಊರು ಮುಳುಗುವಾಗ ಮಕ್ಕಳೂ ಅಲ್ಲಿಯೇ ಇದ್ದರಲ್ಲವೆ?

ನಮ್ಮ ನಗರದ ಗಿರಣಿಯ ಬಾಳನ್ನು ವ್ಯಾಸರಾಯ ಬಲ್ಲಾಳರು 'ಬಂಡಾಯ'ದಲ್ಲಿ ಚಿತ್ರಿಸಿದರು. ಅದಕ್ಕೆ 1986ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದುದು ನಮಗೆಲ್ಲ ಅಭಿಮಾನದ ಸಂಗತಿ. ಅದು ದೊಡ್ಡವರ ಪುಸ್ತಕ. ಅಜ್ಜ ಯಾವ ಗಿರಣಿಯಲ್ಲಿದ್ದ, ಅದೇಕೆ ಮುಚ್ಚಿತು ಎಂದು ಕೇಳುವ ಮೊಮ್ಮಗನ ಕೈಗೆ, ಅವನಿಗೆ ತಿಳಿಯುವ ಕನ್ನಡದಲ್ಲಿ, ಏನನ್ನು ಕೊಡೋಣ? ಕನ್ನಡ ಅಕ್ಷರವನ್ನು ಕೂಡಿಸಿ ಕೂಡಿಸಿ ಓದುವ ಮಕ್ಕಳು ನಮ್ಮ ಮನೆಗಳಲ್ಲಿ ಹೆಚ್ಚುತ್ತಿರುವಾಗ ಈ ಪ್ರಶ್ನೆ ಲಘುವಾದುದಲ್ಲ. ಸಂಘಗಳ ವಾರ್ಷಿಕೋತ್ಸವದಲ್ಲಿ ಹಾರ ತುರಾಯಿಗಳಿಗೆ ತೆರುವ ಹಣದಲ್ಲಿ ಕಿಶೋರರ ಕಪಾಟೊಂದು ತುಂಬೀತು.

2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ಜರುಗಿದ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಡಿ'ಸೋಜರು ಅಧ್ಯಕ್ಷರಾಗಿದ್ದರು. ಅಷ್ಟಕ್ಕೇ ಅವರು ವಿಶ್ರಮಿಸಲಿಲ್ಲ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ಮಾತು 2019ರಲ್ಲಿ ಎದ್ದಾಗ, ಎಂಬತ್ತೆರಡರ ವಯಸ್ಸಿನಲ್ಲಿ ಪ್ರತಿಭಟನೆಯ ಮುಂಚೂಣಿಯಲ್ಲಿ ನಿಂತರು.

2025ರ ಜನವರಿ 5ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡರು. ಶರಾವತಿಯ ಹಿನ್ನೀರಿನಾಚೆ ಉಳಿದ ಊರುಗಳ ಜನ ಅಲ್ಲಿಯವರೆಗೂ ಲಾಂಚಿಗಾಗಿ ದಡದಲ್ಲಿ ಕಾಯುತ್ತಿದ್ದರು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ಸಂಚಾರಕ್ಕೆ ತೆರೆದದ್ದು ಅದೇ ವರ್ಷದ ಜುಲೈ 14ರಂದು. ಅಣೆಕಟ್ಟು ಮುಗಿದು ಅರುವತ್ತೊಂದು ವರ್ಷಗಳ ಮೇಲೆ, ಅವರು ಹೋದ ಆರು ತಿಂಗಳಿಗೆ.