ಚಿನ್ನದ ಗಣಿಯ ಶೇರು ಅಗ್ಗವೇಕೆ?

ದಿಂಡಿಗಲ್ಲಿನಿಂದ ಮಧುರೆಗೆ ಹೋಗುವ ಕಡೆ, ಸುಂಗುಡಿ ಸೀರೆಗೆ ಹೆಸರಾದ ಚಿನ್ನಾಳಪಟ್ಟಿ ಇದೆ. ಊರಿನ ಹೆಸರು ಕೇಳಿದರೆ ಕನ್ನಡಿಗರಾದ ನಮಗೆ ಬಂಗಾರ ನೆನಪಾಗುತ್ತದೆ. ತಮಿಳಿನಲ್ಲಿ ‘ಚಿನ್ನ’ ಎಂದರೆ ಸಣ್ಣದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಅಲ್ಲಿನ ದೇವಾಂಗ ನೇಕಾರರಿಗೆ ಎರಡು ಅರ್ಥವೂ ಗೊತ್ತು. ಚಿನ್ನದ ಗಣಿಯ ಶೇರನ್ನು ಅಳೆಯುವಾಗಲೂ ಈ ಎರಡು ಅರ್ಥ ನೆನಪಿನಲ್ಲಿರಬೇಕು.

ಪವನಿನ ಬೆಲೆ ಕೈಗೆಟುಕದೆ ಹೋದಾಗ, ನೇಕಾರರ ಊರಿನಲ್ಲಾಗಲಿ ನಮ್ಮ ಗಡಿನಾಡಿನಲ್ಲಾಗಲಿ, ಸಣ್ಣ ಉಳಿತಾಯದವರಿಗೆ ಒಂದು ಆಸೆ ಹುಟ್ಟುವುದು ಸಹಜ: ಚಿನ್ನದ ಬದಲು ಚಿನ್ನ ತೆಗೆಯುವ ಕಂಪೆನಿಯ ಶೇರನ್ನೇ ಕೊಂಡರೇನು? ಅದು ತೀರಾ ಅಗ್ಗವಂತಲ್ಲ!

ಅಗ್ಗವೆನ್ನುವವರ ಲೆಕ್ಕ ಸರಳ. ನೆಲದಡಿ ಇಷ್ಟು ಚಿನ್ನವಿದೆ, ಇಂದಿನ ದರದಲ್ಲಿ ಇಷ್ಟು ಕೋಟಿ. ಶೇರುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಮೊತ್ತ ಪೇಟೆಯ ಧಾರಣೆಗಿಂತ ಎಷ್ಟೋ ಪಾಲು ಹೆಚ್ಚು. ಆದರೆ ಲಡಿ ನೂಲಿಗೆ ಸೀರೆಯ ಬೆಲೆ ಕಟ್ಟುವ ನೇಕಾರನುಂಟೇ? ನೇಯಬೇಕು, ಗಂಟು ಕಟ್ಟಿ ಬಣ್ಣ ಹಾಕಬೇಕು, ಕೂಲಿ ಕೊಡಬೇಕು. ನೆಲದೊಳಗಿನ ಚಿನ್ನವೂ ಲಡಿ ನೂಲೇ.

ಕೋಲಾರದ ಗಣಿಯನ್ನೇ ನೋಡಿ. ಆರಂಭದಲ್ಲಿ ಒಂದು ಟನ್ ಅದಿರಿಗೆ 40 ಗ್ರಾಮಿಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಕೊನೆಗಾಲದಲ್ಲಿ ಕೆಲವೇ ಗ್ರಾಂ. ಅದಕ್ಕಾಗಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಬೇಕಾಗಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ್ದು ಚಿನ್ನವೆಲ್ಲ ಬರಿದಾಯಿತೆಂದಲ್ಲ, ತೆಗೆಯುವ ಖರ್ಚು ಬೆಲೆಯನ್ನು ಮೀರಿದ್ದರಿಂದ.

ಈ ಖರ್ಚಿನಲ್ಲೇ ಶೇರಿನ ಗುಟ್ಟೂ ಇದೆ. ಚಿನ್ನದ ಬೆಲೆ 100, ಖರ್ಚು 90 ಎಂದಿಟ್ಟುಕೊಳ್ಳೋಣ, ಲಾಭ 10. ಬೆಲೆ 110ಕ್ಕೇರಿದರೆ ಲಾಭ ಇಮ್ಮಡಿ; 90ಕ್ಕಿಳಿದರೆ ಸೊನ್ನೆ. ಏರಿದ ಬೆಲೆ ನಿಲ್ಲಲಾರದೆಂಬ ಅಂಜಿಕೆ ಇರುವವರೆಗೆ ಪೇಟೆ ಈ ಶೇರನ್ನು ಹಿಂದೆಮುಂದೆ ನೋಡಿಯೇ ಕೊಳ್ಳುತ್ತದೆ.

ಎರಡನೆಯದು ಕಾಲ. ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಡೆಕ್ಕನ್ ಗೋಲ್ಡ್ ಮೈನ್ಸ್ ಕಂಪೆನಿ ನಿಕ್ಷೇಪ ಗುರುತಿಸಿ ಗುತ್ತಿಗೆ ಕೇಳಿತು. ಅರ್ಜಿ ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. ಅಷ್ಟರಲ್ಲಿ 2015ರಲ್ಲೂ 2021ರಲ್ಲೂ ಗಣಿ ಕಾನೂನೇ ತಿದ್ದುಪಡಿಯಾಯಿತು. ಹೀಗೆ ಕಾಯುವ ಯಾವ ಕಂಪೆನಿಗೂ ಆದಾಯವಿಲ್ಲ, ಖರ್ಚು ತಪ್ಪದು. ಹೊಸ ಶೇರು ಹೊರಡಿಸಿ ಹಣ ಎತ್ತಿದರೆ ಹಳೆಯವರ ಪಾಲು ಕರಗುತ್ತದೆ.

ಹಾಗಾದರೆ ಅಗ್ಗವೆಲ್ಲ ಮೋಸವೇ? ಅಲ್ಲ. 1880ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮೈಸೂರು ಗಣಿ ಕಂಪೆನಿಯ ಬಂಡವಾಳ ಮೂರ್ನಾಲ್ಕು ವರ್ಷಗಳಲ್ಲೇ ಬಹುಪಾಲು ಕರಗಿ, ಶೇರು ಕೇಳುವವರಿಲ್ಲದಾಯಿತು. ಮುಚ್ಚಿಬಿಡೋಣವೆಂದ ಪಾಲುದಾರರನ್ನು ಜಾನ್ ಟೇಲರ್ ಒಪ್ಪಿಸಿ, ಉಳಿದ ಹಣದಲ್ಲಿ ಮತ್ತೆ ಅಗೆಸಿದರು. ಕ್ಯಾಪ್ಟನ್ ಪ್ಲಮ್ಮರ್ ಮೇಲ್ವಿಚಾರಣೆಯಲ್ಲಿ ಚಾಂಪಿಯನ್ ಚಿನ್ನದ ಪದರ ಸಿಕ್ಕಿತು, ಕಾದವರು ಶ್ರೀಮಂತರಾದರು.

ಅದೇ ದಿನಗಳಲ್ಲಿ ವಯನಾಡು, ದೇವಾಲ, ಪಂದಲೂರುಗಳ ಚಿನ್ನವನ್ನು ನಂಬಿಯೂ ಲಂಡನ್ನಿನಲ್ಲಿ ಹತ್ತಾರು ಕಂಪೆನಿಗಳು ಎದ್ದವು. ಶೇರುಗಳಿಗೆ ನೂಕುನುಗ್ಗಲು. ಕೆಲವೇ ವರ್ಷಗಳಲ್ಲಿ ಬಹುಪಾಲು ಕಂಪೆನಿಗಳು ನೆಲಕಚ್ಚಿದವು. ಕೋಲಾರದ ಶೇರು ಅಗ್ಗವಾಗಿದ್ದಾಗ ಚಿನ್ನವಿತ್ತು. ವಯನಾಡಿನ ಶೇರಿಗೆ ಮುಗಿಬಿದ್ದಾಗ ಲಾಭಕ್ಕೆ ಸಾಲುವಷ್ಟು ಇರಲಿಲ್ಲ. ಧಾರಣೆಯೊಂದನ್ನೇ ನೋಡಿದವರಿಗೆ ಎರಡರ ಗುಟ್ಟೂ ತಿಳಿಯಲಿಲ್ಲ.

ಆದ್ದರಿಂದ ಅಗ್ಗವೆಂಬ ಮಾತು ಕೇಳಿದಾಗ ನಾವು ನಾಲ್ಕು ಪ್ರಶ್ನೆ ಕೇಳೋಣ. ಒಂದು ಟನ್ನಿಗೆ ಎಷ್ಟು ಗ್ರಾಂ? ಒಂದು ಗ್ರಾಂ ತೆಗೆಯಲು ಖರ್ಚೆಷ್ಟು? ಗುತ್ತಿಗೆ ಕೈಯಲ್ಲಿದೆಯೇ? ಸಾಲ ಎಷ್ಟು, ಶೇರುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆಯೇ? ಕಂಪೆನಿಯ ವಾರ್ಷಿಕ ವರದಿಯಲ್ಲಿ ಇವಕ್ಕೆ ಉತ್ತರ ಸಿಗದಿದ್ದರೆ ದುಡ್ಡು ಕಿಸೆಯಲ್ಲೇ ಇರಲಿ. ಉತ್ತರ ಸಿಕ್ಕಿದರೂ ಮಗಳ ಮದುವೆಯ ಹಣ, ಮಗನ ಕಾಲೇಜಿನ ಶುಲ್ಕ ಅಲ್ಲಿಗೆ ಹೋಗಬಾರದು. ಪೆಟ್ಟಿಗೆಯ ಪವನನ್ನು ಕಷ್ಟಕಾಲಕ್ಕೆ ಬೇಂಕಿನಲ್ಲಿ ಅಡವಿಡಬಹುದು; ಅಗೆಯದ ಗಣಿಯನ್ನು ನೆಚ್ಚಿ ಮನೆಯ ಒಲೆ ಉರಿಯದು.