ಪಾರ್ಕಿನ್ಸನ್ ರೋಗಿಗಳ ನಡಿಗೆಯ ಪರೀಕ್ಷೆ: ಅಳತೆ ಮತ್ತು ಅದರ ಮಿತಿ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆರು ರೋಗಿಗಳ ವಿವರಗಳಿವೆ. ಅವರಲ್ಲಿ ಕೆಲವರನ್ನು ಅವನು ಕಂಡದ್ದು ಬೀದಿಯಲ್ಲಿ. ಮುಂದಕ್ಕೆ ಬಾಗಿದ ಮುಂಡ, ನಡಿಗೆಯಿಂದ ಓಟಕ್ಕೆ ತಾನಾಗಿ ಜಾರುವ ಪ್ರವೃತ್ತಿ ಇವುಗಳನ್ನು ಅವನು ದಾಖಲಿಸಿದನು. ಹೀಗೆ ನಡಿಗೆಯ ಪರಿಶೀಲನೆಯು ಆರಂಭದಿಂದಲೂ ಈ ರೋಗದ ಅಧ್ಯಯನದ ಅಂಗವಾಗಿದೆ.

ಮಧ್ಯಮಿದುಳಿನಲ್ಲಿ ಡೋಪಮೈನ್ ಉತ್ಪಾದಿಸುವ ನರಕೋಶಗಳು ನಶಿಸಿದಂತೆ, ಅಭ್ಯಾಸಬಲದಿಂದ ಸಲೀಸಾಗಿ ಸಾಗುತ್ತಿದ್ದ ಚಲನೆಗಳು ಕುಗ್ಗುತ್ತವೆ. ಇದರಿಂದುಂಟಾಗುವ ನಡಿಗೆಯ ತೊಂದರೆಗಳು ಎರಡು ಬಗೆಯವು. ಕಿರಿದಾದ ಹೆಜ್ಜೆ, ನೆಲಕ್ಕೆ ಸವರುವ ಪಾದ, ಕುಂದಿದ ತೋಳಿನ ಬೀಸು ಮೊದಲಾದವು ನಿರಂತರವಾಗಿ ಕಾಣುವಂಥವು. ಪಾದಗಳು ನೆಲಕ್ಕೆ ಅಂಟಿಕೊಂಡಂತೆ ನಡಿಗೆ ಥಟ್ಟನೆ ನಿಂತುಹೋಗುವ ಸ್ತಂಭನವು ಆಗಾಗ ಬಂದುಹೋಗುವಂಥದು.

ಮೊದಲನೆಯ ಬಗೆಯನ್ನು ಅಳೆಯುವುದು ಸುಲಭ. 1991ರಲ್ಲಿ ಪೊಡ್‌ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ವಿವರಿಸಿದ ಪರೀಕ್ಷೆಯಲ್ಲಿ ರೋಗಿಯು ಕುರ್ಚಿಯಿಂದೆದ್ದು 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು ತಗಲುವ ಸೆಕೆಂಡುಗಳನ್ನು ಎಣಿಸಲಾಗುತ್ತದೆ. ಅಂತರರಾಷ್ಟ್ರೀಯ ಚಲನದೋಷ ಸಂಘವು 2008ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಅಂಕಮಾಪಕದಲ್ಲಿ ರೋಗಿಯು ಕನಿಷ್ಠ 10 ಮೀಟರ್ ನಡೆದು ಹಿಂದಿರುಗಬೇಕು. ಅಲ್ಲಿ ನಡಿಗೆ, ಸ್ತಂಭನ, ನಿಲುವಿನ ಸ್ಥಿರತೆ ಇವುಗಳಿಗೆ ಪ್ರತ್ಯೇಕವಾಗಿ 0ಯಿಂದ 4ರವರೆಗೆ ಅಂಕಗಳಿವೆ. ಸ್ಥಿರತೆಯನ್ನರಿಯಲು ಪರೀಕ್ಷಕನು ಹಿಂದೆ ನಿಂತು ಭುಜಗಳನ್ನು ಥಟ್ಟನೆ ಎಳೆದು, ರೋಗಿಯು ಎಷ್ಟು ಹೆಜ್ಜೆಗಳಲ್ಲಿ ಸಾವರಿಸಿಕೊಳ್ಳುವನೆಂಬುದನ್ನು ನೋಡುತ್ತಾನೆ.

ಸ್ತಂಭನದ ವಿಷಯ ಜಟಿಲವಾದುದು. ಮನೆಯಲ್ಲಿ ಪದೇ ಪದೇ ನಿಂತುಹೋಗುವ ರೋಗಿಯು ವೈದ್ಯರೆದುರು ಸರಾಗವಾಗಿ ನಡೆಯಬಹುದು. ಪರೀಕ್ಷೆಯ ವೇಳೆ ಆತನ ಗಮನವೆಲ್ಲ ಹೆಜ್ಜೆಯ ಮೇಲೆಯೇ ಇರುವುದರಿಂದ, ತಾನಾಗಿ ನಡೆಯಬೇಕಾದುದನ್ನು ಪ್ರಜ್ಞಾಪೂರ್ವಕ ಪ್ರಯತ್ನವು ನಡೆಸಿಕೊಡುತ್ತದೆ. ನೆಲದ ಮೇಲೆಳೆದ ಅಡ್ಡಗೆರೆಗಳನ್ನು ದಾಟುವಾಗ ಅನೇಕರ ನಡಿಗೆ ಸುಧಾರಿಸುವುದೂ ಇಂಥದೇ ಕಾರಣದಿಂದ. ಆದುದರಿಂದ ನಿಂತಲ್ಲೇ ಎರಡೂ ದಿಕ್ಕಿಗೆ ವೇಗವಾಗಿ ತಿರುಗಿಸುವುದು, ಇಕ್ಕಟ್ಟಾದ ಬಾಗಿಲನ್ನು ದಾಟಿಸುವುದು, ನಡೆಯುತ್ತಲೇ ಲೆಕ್ಕ ಮಾಡಿಸುವುದು ಅವಶ್ಯಕ. ಗಿಲಾಡಿ ಮತ್ತು ಸಂಗಡಿಗರು 2000ದಲ್ಲಿ ರೂಪಿಸಿದ ಆರು ಪ್ರಶ್ನೆಗಳ, ಗರಿಷ್ಠ 24 ಅಂಕಗಳ ಪ್ರಶ್ನಾವಳಿಯು ಪರೀಕ್ಷಾಕೊಠಡಿಯ ಹೊರಗಿನ ಅನುಭವವನ್ನು ಸಂಗ್ರಹಿಸುತ್ತದೆ. ಮನೆಯವರ ಹೇಳಿಕೆಗೂ ಇಲ್ಲಿ ಸಾಕ್ಷ್ಯದ ಬೆಲೆಯುಂಟು.

ಔಷಧಿಯ ವೇಳೆಯನ್ನು ನಮೂದಿಸದ ಅಳತೆಯು ಅಪೂರ್ಣ. ಲೆವೊಡೋಪ ಪ್ರಭಾವದಲ್ಲಿರುವಾಗಿನ ನಡಿಗೆಗೂ ಅದರ ಪ್ರಭಾವ ಇಳಿದಾಗಿನ ನಡಿಗೆಗೂ ಬಹಳ ಅಂತರವಿರುತ್ತದೆ. ಸ್ತಂಭನವು ಹೆಚ್ಚಾಗಿ ಪ್ರಭಾವ ಇಳಿದಾಗ ಕಾಣಿಸಿಕೊಂಡರೂ, ಕೆಲವರಲ್ಲಿ ಔಷಧಿಯ ಪ್ರಭಾವವಿರುವಾಗಲೂ ತಲೆದೋರುತ್ತದೆ. ಈ ಭೇದವನ್ನರಿಯದೆ ಔಷಧಿಯ ಪ್ರಮಾಣವನ್ನು ನಿರ್ಧರಿಸುವುದು ಯುಕ್ತವಲ್ಲ.

ಬೀಳುವಿಕೆ, ಅದರಿಂದಾಗುವ ಮೂಳೆಮುರಿತ, ಬೀಳುವ ಭಯದಿಂದ ಮನೆಯೊಳಗೇ ಉಳಿದುಬಿಡುವ ಬದುಕು, ಇವು ಈ ಪರೀಕ್ಷೆಗಳ ಹಿಂದಿರುವ ನಿಜವಾದ ಪ್ರಶ್ನೆಗಳು. ಯಾವ ಹೊತ್ತಿನಲ್ಲಿ, ಯಾವ ಸ್ಥಳದಲ್ಲಿ, ಏನು ಮಾಡುತ್ತಿರುವಾಗ ಹೆಜ್ಜೆ ತಪ್ಪಿತೆಂಬ ವಿವರವು ಜೊತೆಗಿದ್ದಾಗ ಮಾತ್ರ ಅಂಕಗಳು ಚಿಕಿತ್ಸೆಗೆ ದಾರಿ ತೋರಬಲ್ಲವು.